ಹೆತ್ತವಳ ಹೊಲಿಗೆಯ ನೋವನ್ನು ಕೇಳುವವರಾರು?

ಹೆರಿಗೆಯಾದ ಮನೆಗೆ ಬರುವ ನೆಂಟರಿಷ್ಟರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಗಂಡೋ ಹೆಣ್ಣೋ, ತೂಕವೆಷ್ಟು, ನಾರ್ಮಲ್ಲೋ ಸಿಸೇರಿಯನ್ನೋ. ಮೂರನೆಯ ಪ್ರಶ್ನೆಗೆ ‘ನಾರ್ಮಲ್’ ಎಂಬ ಉತ್ತರ ದೊರೆತೊಡನೆ ಕೇಳಿದವರ ಮುಖ ಅರಳುತ್ತದೆ. ಬಾಣಂತಿಯ ದೇಹದ ವಿಚಾರ ಅಲ್ಲಿಗೆ ಮುಗಿದು ಮಾತು ಮಗುವಿನ ಮೂಗು ಯಾರದು, ಬಣ್ಣ ಯಾರದು ಎಂಬುದರತ್ತ ಹೊರಳುತ್ತದೆ. ಸಿಸೇರಿಯನ್ ಆದವಳಿಗೆ ಹೊಟ್ಟೆಯ ಮೇಲೆ ಗಾಯವಿದೆಯೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಅವಳನ್ನು ಎಬ್ಬಿಸಿ ಕೂರಿಸಲು ಒಬ್ಬರಾದರೂ ಕೈ ನೀಡುತ್ತಾರೆ. ನಾರ್ಮಲ್ ಆದವಳಿಗೂ ಗಾಯವಿರುತ್ತದೆ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆ ಗಾಯಕ್ಕೆ ನಮ್ಮ ಆಡುಮಾತಿನಲ್ಲಿ ಒಂದು ನೇರವಾದ ಹೆಸರೂ ಇಲ್ಲ. ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ, ಮೂರು ಬೆರಳಿನ ಅಗಲವೂ ಇಲ್ಲದ ಭಾಗವನ್ನು ವೈದ್ಯರು ಪೆರಿನಿಯಮ್ ಎನ್ನುತ್ತಾರೆ. ನಮ್ಮ ಹೆಂಗಸರು ‘ಕೆಳಗೆ’ ಎನ್ನುತ್ತಾರೆ. ‘ಕೆಳಗೆ ಹೊಲಿಗೆ ಬಿದ್ದೈತೆ’ ಎಂದು ತಲೆ ತಗ್ಗಿಸಿ ಹೇಳಿ ಸುಮ್ಮನಾಗುತ್ತಾರೆ. ಹೆಸರಿಲ್ಲದ ಅಂಗದ ನೋವನ್ನು ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿ ಮೂರು ದಶಕಗಳ ಕಾಲ ಬಾಣಂತಿಯರ ಕೋಣೆಗಳನ್ನು ಹೊಕ್ಕು ಬಂದ ನನಗೆ ಈ ಮೌನವೇ ಗಾಯಕ್ಕಿಂತ ಹೆಚ್ಚು ಹಾನಿ ಮಾಡಿದೆ ಎನ್ನಿಸಿದೆ. ಹೊಲಿಗೆಯ ನೋವಿಗೆ ಬೇಕಾದ ಆರೈಕೆಯಲ್ಲಿ ದುಬಾರಿಯಾದುದು ಬಹುಮಟ್ಟಿಗೆ ಯಾವುದೂ ಇಲ್ಲ. ಕೇಳುವ ಬಾಯೊಂದರ ಕೊರತೆಯೇ ದೊಡ್ಡದು.

ಸಾಧಿಸಿದ್ದು ಸಣ್ಣದೇನಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ 65ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ವೇಳೆಗೆ ಅದು ಶೇ 97ಕ್ಕೆ ಏರಿತು. 2001-03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228ರಷ್ಟಿದ್ದ ರಾಜ್ಯದ ತಾಯಂದಿರ ಮರಣ ಪ್ರಮಾಣ 2018-20ರಲ್ಲಿ 69ಕ್ಕೆ ಇಳಿಯಿತು. ಎತ್ತಿನ ಗಾಡಿಯಲ್ಲಿ ಹೆರಿಗೆ ನೋವು ತಿನ್ನುತ್ತಾ ಹೊರಟವರು ದಾರಿಯಲ್ಲೇ ಕಣ್ಣುಮುಚ್ಚಿದ ಕಥೆಗಳನ್ನು ಕೇಳುತ್ತ ಬೆಳೆದ ನನ್ನಂಥವರಿಗೆ ಈ ಅಂಕಿಗಳು ಬರೀ ಅಂಕಿಗಳಲ್ಲ. ಆದರೆ ಸಾಯಲಿಲ್ಲ ಎಂಬುದೊಂದೇ ಹೆರಿಗೆಯ ಯಶಸ್ಸಿನ ಅಳತೆಗೋಲಾಗಬಾರದು. ಬದುಕುಳಿದವಳು ಕೂರಲಾರದೆ, ಮಲವಿಸರ್ಜನೆಗೆ ಹೋಗಲಾರದೆ, ನಕ್ಕರೆ ಕೆಮ್ಮಿದರೆ ಸೀರೆ ಒದ್ದೆಯಾಗುವ ಅವಮಾನವನ್ನು ನುಂಗಿ ಬದುಕುತ್ತಿದ್ದರೆ ಅದೂ ಲೆಕ್ಕಕ್ಕೆ ಬರಬೇಕು.

ಹೆರಿಗೆ ಆಸ್ಪತ್ರೆಗೆ ಸ್ಥಳಾಂತರವಾದಾಗ ಒಂದು ಕೊಂಡಿ ಕಳಚಿತು. ಹಿಂದೆ ಮಗುವನ್ನು ಎತ್ತಿದ ಸೂಲಗಿತ್ತಿಯೇ ಎಷ್ಟೋ ಕಡೆ ಮುಂದಿನ ದಿನಗಳಲ್ಲಿ ಬಾಣಂತಿಗೂ ಕೂಸಿಗೂ ನೀರೆರೆಯಲು ಬರುತ್ತಿದ್ದಳು. ಗಾಯ ಒಣಗುತ್ತಿದೆಯೇ ಕೀವಾಗುತ್ತಿದೆಯೇ ಎಂಬುದು ನಾಚಿಕೆಯ ಪ್ರಶ್ನೆಯೇ ಇಲ್ಲದೆ ಅವಳ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಜಿಲ್ಲೆಯ ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಕಾಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ, ನಂಜುಗಳೆದುರು ಸೂಲಗಿತ್ತಿಯರು ಅಸಹಾಯಕರಾಗಿದ್ದರು. ಆದರೆ ಇಂದು ಹೊಲಿಗೆ ಹಾಕಿದ ಕೈ ಒಂದು ಕಡೆ ಇರುತ್ತದೆ, ಹೊಲಿಗೆಯನ್ನು ಹೊತ್ತವಳು ನಲವತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿರುತ್ತಾಳೆ. ನಡುವಿನ ದಾರಿಯಲ್ಲಿ ಯಾರೂ ಇಲ್ಲ.

ಗಾಯ ಹೇಗಾಗುತ್ತದೆ ಎಂಬುದನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ಶಿಶುವಿನ ತಲೆ ಹೊರಬರುವಾಗ ಈ ಭಾಗ ಅಪಾರವಾಗಿ ಹಿಗ್ಗುತ್ತದೆ. ಕೆಲವೊಮ್ಮೆ ತಾನಾಗಿ ಹರಿಯುತ್ತದೆ. ಹರಿತದಲ್ಲಿ ನಾಲ್ಕು ದರ್ಜೆಗಳಿವೆ. ಚರ್ಮ ಮಾತ್ರ ಹರಿದರೆ ಮೊದಲನೆಯದು, ಕೆಳಗಿನ ಸ್ನಾಯುವೂ ಹರಿದರೆ ಎರಡನೆಯದು. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೆ ತಲುಪಿದರೆ ಮೂರನೆಯದು, ಗುದನಾಳದ ಒಳಪೊರೆಗೂ ತಾಗಿದರೆ ನಾಲ್ಕನೆಯದು. ಮೊದಲೆರಡು ಸಾಮಾನ್ಯ. ಕೊನೆಯ ಎರಡು ಅಪರೂಪ, ಆದರೆ ನುರಿತ ಕೈ ಅವನ್ನು ಗುರುತಿಸಿ ಸರಿಯಾಗಿ ಹೊಲಿಯದಿದ್ದರೆ ಹೆಣ್ಣಿನ ಬದುಕಿಡೀ ಕಾಡುತ್ತವೆ. ತಾನಾಗಿ ಹರಿಯುವುದರ ಜೊತೆಗೆ, ದಾರಿ ಅಗಲಿಸಲು ಕತ್ತರಿಯಿಂದ ಸೀಳುವ ಎಪಿಸಿಯಾಟಮಿ ಎಂಬ ಕ್ರಮವೂ ಇದೆ.

ಈ ಕತ್ತರಿಗೊಂದು ಚರಿತ್ರೆಯಿದೆ. 1742ರಲ್ಲಿ ಡಬ್ಲಿನ್‌ನ ಫೀಲ್ಡಿಂಗ್ ಔಲ್ಡ್ ಇದನ್ನು ತೀರಾ ಕಷ್ಟದ ಹೆರಿಗೆಗಳಿಗೆಂದು ವಿವರಿಸಿದ. 1920ರಲ್ಲಿ ಷಿಕಾಗೋದ ಜೋಸೆಫ್ ಡಿಲೀ ಇದನ್ನು ವಾಡಿಕೆಯಾಗಿ ಮಾಡಬೇಕೆಂದು ವಾದಿಸಿದ ಮೇಲೆ ಅದು ಜಗತ್ತಿನ ಹೆರಿಗೆ ಕೋಣೆಗಳ ಅಭ್ಯಾಸವಾಯಿತು. ಕತ್ತರಿಸಿದ ಗಾಯ ನೇರವಾಗಿರುತ್ತದೆ, ಹರಿದ ಗಾಯಕ್ಕಿಂತ ಬೇಗ ಮಾಯುತ್ತದೆ ಎಂಬ ನಂಬಿಕೆ ಪ್ರಯೋಗಕ್ಕೆ ಒಳಪಡದೆಯೇ ದಶಕಗಟ್ಟಲೆ ಆಳಿತು. ಅದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮೊದಲಿಗರು ಜೆನಿಫರ್ ಸ್ಲೀಪ್ ಎಂಬ ಬ್ರಿಟಿಷ್ ಸೂಲಗಿತ್ತಿ. ಸಾವಿರ ಹೆರಿಗೆಗಳನ್ನು ಒಳಗೊಂಡು 1984ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕತ್ತರಿಯನ್ನು ಧಾರಾಳವಾಗಿ ಬಳಸಿದ್ದರಿಂದ ತಾಯಂದಿರ ನೋವೇನೂ ಕಡಿಮೆಯಾಗಿರಲಿಲ್ಲ. 1993ರಲ್ಲಿ ಅರ್ಜೆಂಟೀನಾದ 2,606 ಹೆರಿಗೆಗಳ ಅಧ್ಯಯನವು ಅಗತ್ಯವಿದ್ದಾಗ ಮಾತ್ರ ಕತ್ತರಿಸಿದ ಗುಂಪಿನಲ್ಲಿ ನೋವೂ ಗಾಯ ಬಿಟ್ಟುಕೊಳ್ಳುವುದೂ ಕಡಿಮೆಯೆಂದು ತೋರಿಸಿತು. ಸಹಜ ಹೆರಿಗೆಯಲ್ಲಿ ವಾಡಿಕೆಯ ಎಪಿಸಿಯಾಟಮಿ ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಶಿಶುವಿಗೆ ತೊಂದರೆಯಿದ್ದಾಗ, ಇಕ್ಕಳ ಹಾಕಬೇಕಾದಾಗ ಅದು ಬೇಕಾಗಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಾಯಿ ಮುಕ್ಕರಿಯುವಾಗ ಆ ಭಾಗಕ್ಕೆ ಒತ್ತಿಹಿಡಿಯುವುದು, ಕೈಯಿಂದ ಆಸರೆ ಕೊಡುವುದು ಹರಿತವನ್ನು ತಗ್ಗಿಸುವ ಸರಳ ಉಪಾಯಗಳೆಂದೂ ಅದೇ ಸಂಸ್ಥೆ ಹೇಳಿದೆ. ನಮ್ಮ ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಣೆಗಾಗಿ 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮದ ಆಶಯವೂ ಗೌರವದ ಹೆರಿಗೆಯೇ. ಬಿಸಿ ಬಟ್ಟೆಗೆ ಟೆಂಡರ್ ಕರೆಯಬೇಕಾಗಿಲ್ಲ.

ಇನ್ನು ಮನೆಗೆ ಬಂದ ಮೇಲಿನ ಮಾತು. ಬಾಣಂತನವೆಂಬುದು ನಮ್ಮ ಸೀಮೆಯ ದೊಡ್ಡ ಸಂಪತ್ತು. ಮೊದಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ಮೂರು ತಿಂಗಳೋ ಐದು ತಿಂಗಳೋ ಇಟ್ಟುಕೊಂಡು, ಕೆಲಸ ಹಚ್ಚದೆ, ಗಂಡನ ಮನೆಯಿಂದ ದೂರವಿರಿಸಿ ಉಪಚರಿಸುವ ಈ ಪದ್ಧತಿಯಲ್ಲಿ ಗಾಯ ಮಾಯಲು ಬೇಕಾದ ವಿಶ್ರಾಂತಿಯೂ ರಕ್ಷಣೆಯೂ ಇವೆ. ಅದನ್ನು ಹಳೆಯದೆಂದು ಜರೆಯುವುದು ಅವಿವೇಕ. ಆದರೆ ಅದೇ ಬಾಣಂತನದೊಳಗೆ ಹೊಲಿಗೆಗೆ ಶತ್ರುವಾದ ಕೆಲವು ರೂಢಿಗಳೂ ಸೇರಿಕೊಂಡಿವೆ. ನೀರು ಕುಡಿದರೆ ಹೊಟ್ಟೆ ಇಳಿಬೀಳುತ್ತದೆಂದು ನೀರನ್ನು ಅಳೆದು ಕೊಡುವುದು, ಸೊಪ್ಪು ತರಕಾರಿ ಹಣ್ಣುಗಳನ್ನು ಶೀತವೆಂದು ದೂರವಿಟ್ಟು ಮೆಣಸಿನ ಸಾರು ಅನ್ನದಲ್ಲೇ ದಿನ ದೂಡಿಸುವುದು, ಕುದಿಯುವ ಹಂಡೆಯ ನೀರನ್ನು ಸೊಂಟದ ಕೆಳಗೆ ಬೀಸಿ ಎರಚುವುದು, ಕೆಲವು ಮನೆಗಳಲ್ಲಿ ಕೆಂಡದ ಹೊಗೆಗೆ ಗಾಯವನ್ನು ಒಡ್ಡುವುದು ಇವೆಲ್ಲ ಅಂಥವು.

ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆಯ ಹಳ್ಳಿಯೊಂದರಲ್ಲಿ ಕಂಡ ಎಳೆಯ ಬಾಣಂತಿ ನೆನಪಾಗುತ್ತಾಳೆ. ಮೂತ್ರ ತಾಗಿದರೆ ಹೊಲಿಗೆ ಉರಿಯುತ್ತದೆಂದು ಅವಳೇ ನೀರು ಬಿಟ್ಟಿದ್ದಳು, ಮನೆಯವರೂ ಕೊಡುತ್ತಿರಲಿಲ್ಲ. ಐದು ದಿನ ಮಲವಿಸರ್ಜನೆ ಆಗಿರಲಿಲ್ಲ. ‘ಮುಕ್ಕಿದರೆ ಹೊಲಿಗೆ ಕಿತ್ತು ಹೋಗುತ್ತೆ ನರ್ಸಮ್ಮಾ’ ಎಂದು ಹೆದರಿ ತಡೆದುಕೊಂಡಿದ್ದಳು. ನೀರಿಲ್ಲದೆ ಮೂತ್ರ ಇನ್ನಷ್ಟು ಕಡುವಾಗಿ ಉರಿ ಹೆಚ್ಚುತ್ತದೆ, ಮಲ ಗಟ್ಟಿಯಾಗಿ ಗಾಯಕ್ಕೆ ಒತ್ತಡ ಬೀಳುತ್ತದೆ, ನೋವಿನ ಭಯಕ್ಕೆ ಅವಳು ಮತ್ತಷ್ಟು ತಡೆಯುತ್ತಾಳೆ. ಈ ಸುಳಿಯಿಂದ ಹೊರತರಲು ಬೇಕಾದದ್ದು ದಿನಕ್ಕೆ ಹತ್ತು ಹನ್ನೆರಡು ಲೋಟ ಕಾಯಿಸಿ ಆರಿಸಿದ ನೀರು, ಸಬ್ಬಸಿಗೆ, ಮೆಂತ್ಯ, ಹರಿವೆ ಸೊಪ್ಪು, ರಾಗಿ ಮುದ್ದೆ, ಬಾಳೆಹಣ್ಣು, ಪಪ್ಪಾಯಿ. ಇವ್ಯಾವುವೂ ನಮ್ಮ ನೆಲಕ್ಕೆ ಪರಕೀಯವಲ್ಲ. ಸಾಲದಿದ್ದರೆ ಮಲವನ್ನು ಮೆದುಗೊಳಿಸುವ ಔಷಧಿಯನ್ನು ವೈದ್ಯರು ಕೊಡುತ್ತಾರೆ. ಮಲವಿಸರ್ಜನೆಯ ವೇಳೆ ಶುಭ್ರವಾದ ಬಟ್ಟೆಯ ಮಡಿಕೆಯೊಂದನ್ನು ಹೊಲಿಗೆಗೆ ಮೆಲ್ಲನೆ ಒತ್ತಿಹಿಡಿದರೆ ಧೈರ್ಯ ಬರುತ್ತದೆ. ಮುಕ್ಕಿದ ಮಾತ್ರಕ್ಕೆ ಸರಿಯಾಗಿ ಹಾಕಿದ ಹೊಲಿಗೆ ಕಿತ್ತುಬರುವುದಿಲ್ಲ. ಮೂತ್ರ ಮಾಡುವಾಗಲೇ ಚೊಂಬಿನಿಂದ ಉಗುರುಬೆಚ್ಚಗಿನ ನೀರನ್ನು ಸುರಿದುಕೊಂಡರೆ ಉರಿ ತಗ್ಗುತ್ತದೆ.

ಮೊದಲ ಒಂದೆರಡು ದಿನ ಬಾವು ಹೆಚ್ಚಿರುವಾಗ ಉಪಶಮನ ನೀಡುವುದು ತಂಪು. ಹೆರಿಗೆಯ ನಂತರದ ಆರೈಕೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಈ ನೋವಿಗೆ ಐಸ್ ಅಥವಾ ತಣ್ಣನೆಯ ಪಟ್ಟಿಯನ್ನೂ, ನುಂಗುವ ಔಷಧಿ ಬೇಕಾದಾಗ ಮೊದಲ ಆಯ್ಕೆಯಾಗಿ ಪ್ಯಾರಾಸಿಟಮಾಲನ್ನೂ ಸೂಚಿಸಿದೆ. ‘ಬಾಣಂತಿಗೆ ತಂಡಿಯೇ?’ ಎಂದು ಅಜ್ಜಿಯರು ಹೌಹಾರುವುದು ಖಂಡಿತ. ಬಾಣಂತಿ ಸನ್ನಿಯ ಭಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅವರೊಡನೆ ವಾದಕ್ಕಿಳಿಯದೆ ನಾನು ಹೇಳುತ್ತಿದ್ದುದು ಇಷ್ಟೇ: ಮೈ ಬೆಚ್ಚಗಿರಲಿ, ಕಂಬಳಿ ಹೊದಿಸಿ, ಕಿವಿಗೆ ಬಟ್ಟೆ ಕಟ್ಟಿ, ತಂಪು ಗಾಯದ ಮೇಲೆ ಮಾತ್ರ, ಹತ್ತು ನಿಮಿಷ ಮಾತ್ರ. ಕಾಲು ಉಳುಕಿದರೆ ತಣ್ಣೀರು ಬಟ್ಟೆ ಸುತ್ತುವುದಿಲ್ಲವೇ? ಐಸನ್ನು ನೇರವಾಗಿ ಇಡದೆ ಶುಭ್ರ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಐಸ್ ಸಿಗದ ಹಳ್ಳಿಯಲ್ಲಿ ಕುದಿಸಿ ಆರಿಸಿ ಮಡಕೆಯಲ್ಲಿಟ್ಟ ನೀರಿಗೆ ಅದ್ದಿದ ಬಟ್ಟೆ ಆದೀತು. ಮಾತ್ರೆ ನುಂಗಿದರೆ ಹಾಲು ಕೆಡುತ್ತದೆಂಬ ಅಂಜಿಕೆಗೂ ಆಧಾರವಿಲ್ಲ. ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಹಾಲೂಡಿಸುವ ತಾಯಿಗೆ ಸುರಕ್ಷಿತ. ನೋವಿನಿಂದ ಕೂರಲಾರದವಳು ಮಗುವಿಗೆ ಹಾಲೂಡಿಸುವುದಾದರೂ ಹೇಗೆ?

ಒಂದೆರಡು ದಿನದ ನಂತರ ಅಗಲವಾದ ಬೋಗುಣಿಯಲ್ಲಿ ಬೆಚ್ಚನೆಯ ನೀರು ಹಾಕಿ ದಿನಕ್ಕೆರಡು ಬಾರಿ ಹತ್ತು ನಿಮಿಷ ಕೂರುವುದು ಹಿತ ನೀಡುತ್ತದೆ. ನೀರಿಗೆ ಉಪ್ಪು ಹಾಕಬೇಕೇ, ಡೆಟಾಲ್ ಹಾಕಬೇಕೇ ಎಂದು ಎಲ್ಲ ಮನೆಗಳಲ್ಲೂ ಕೇಳುತ್ತಾರೆ. ಮೇಲೆ ಹೇಳಿದ ಜೆನಿಫರ್ ಸ್ಲೀಪ್ ಅವರೇ 1988ರಲ್ಲಿ 1,800 ಬಾಣಂತಿಯರ ಮೇಲಿನ ಅಧ್ಯಯನದಲ್ಲಿ ಇದಕ್ಕೂ ಉತ್ತರ ಹುಡುಕಿದರು. ಉಪ್ಪು, ನಂಜುನಿರೋಧಕ ದ್ರಾವಣ, ಬರೀ ನೀರು, ಈ ಮೂರರ ನಡುವೆ ನೋವಿನಲ್ಲಾಗಲಿ ಗಾಯ ಮಾಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹಿತ ನೀಡುವುದು ನೀರೇ. ತೊಳೆದ ಮೇಲೆ ಉಜ್ಜದೆ ಒತ್ತಿ ಒರೆಸಿ ಒಣಗಿಸುವುದು, ಒರೆಸುವಾಗ ಮುಂದಿನಿಂದ ಹಿಂದಕ್ಕೆ ಒರೆಸುವುದು, ಪ್ಯಾಡನ್ನು ನಾಲ್ಕೈದು ಗಂಟೆಗೊಮ್ಮೆ ಬದಲಿಸುವುದು, ಬಟ್ಟೆಯಾದರೆ ಸೋಪು ಹಾಕಿ ಒಗೆದು ಮರೆಯಲ್ಲಿ ಹರವದೆ ಬಿಸಿಲಿನಲ್ಲಿ ಒಣಗಿಸುವುದು ಇವಿಷ್ಟೇ ಗಾಯದ ಶುಚಿತ್ವ. ಅರಿಸಿನ, ಎಣ್ಣೆ, ಬೂದಿ ಯಾವುದನ್ನೂ ಹೊಲಿಗೆಗೆ ಹಚ್ಚಬಾರದು. ಈಗ ಬಳಸುವ ದಾರ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ, ಬಿಚ್ಚಿಸಬೇಕಾಗಿಲ್ಲ. ಕೆಲವು ದಿನಗಳ ನಂತರ ಸಣ್ಣ ದಾರದ ತುಣುಕು ಉದುರಿದರೆ ಗಾಬರಿಯೂ ಬೇಡ.

ಕೂರುವುದೂ ಒಂದು ಸಮಸ್ಯೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಯೊಂದರಲ್ಲಿ ಅತ್ತೆಯೊಬ್ಬರು ಸೊಸೆಗಾಗಿ ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುಭಾಗವನ್ನು ಕೊಯ್ಯಿಸಿ, ಅಂಚಿಗೆ ಬಟ್ಟೆ ಸುತ್ತಿ, ನೆಲಮಟ್ಟದ ಶೌಚದ ಮೇಲೆ ಇರಿಸಿದ್ದರು. ‘ಕುಕ್ಕರುಗಾಲಲ್ಲಿ ಕೂತು ಎದ್ದರೆ ಜೀವ ಹೋಗುತ್ತೆ ಅಂತ ನನಗೆ ಗೊತ್ತಮ್ಮ, ನನಗೆ ಯಾರೂ ಮಾಡಲಿಲ್ಲ’ ಎಂದರು. ನಾನು ಕಂಡ ಬಾಣಂತನಗಳಲ್ಲಿ ಇದಕ್ಕಿಂತ ದೊಡ್ಡ ಉಪಚಾರ ನೆನಪಿಲ್ಲ. ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂತು ಹಾಲೂಡಿಸುವ ಬದಲು ಪಕ್ಕಕ್ಕೆ ಮಲಗಿ ಊಡಿಸಬಹುದು. ಮಲಗುವಾಗ ಮಗ್ಗುಲು ಬದಲಿಸುತ್ತಿರಬೇಕು. ದಿನವಿಡೀ ಹೊರಸಿಗೇ ಅಂಟಿಕೊಳ್ಳದೆ ಮನೆಯೊಳಗೆ ಸ್ವಲ್ಪ ಸ್ವಲ್ಪ ನಡೆದರೆ ರಕ್ತಸಂಚಾರ ಚೆನ್ನಾಗಿ ಬಾವು ಇಳಿಯುತ್ತದೆ. ತುಂಬಿದ ಕೊಡ ಎತ್ತುವುದು ಮಾತ್ರ ಬೇಡ.

ನೋವು ದಿನದಿಂದ ದಿನಕ್ಕೆ ತಗ್ಗಬೇಕು. ಇದೇ ಆರೈಕೆಯ ಮುಖ್ಯ ಸೂತ್ರ. ತಗ್ಗುವ ಬದಲು ಏರಿದರೆ, ಹೊಲಿಗೆ ಬಿಟ್ಟುಕೊಂಡರೆ, ಕೀವು ಅಥವಾ ದುರ್ವಾಸನೆ ಕಂಡರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಒಂದು ಕಡೆ ಗಡ್ಡೆಯಂತೆ ಬಾತು ತಾಳಲಾಗದ ನೋವು ಬಂದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿರಬಹುದು. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವವಾದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು. ವಾರಗಳು ಕಳೆದರೂ ಗಾಳಿಯನ್ನೋ ಮಲವನ್ನೋ ತಡೆಹಿಡಿಯಲು ಆಗದಿದ್ದರೆ ಅದು ‘ಹೆತ್ತವರಿಗೆಲ್ಲ ಇದ್ದದ್ದೇ’ ಅಲ್ಲ. ಗುದದ ಸ್ನಾಯುವಿಗೆ ಪೆಟ್ಟಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ.

ಹೊಸದುರ್ಗದ ಕಡೆ ದಾಳಿಂಬೆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಹೆರಿಗೆಯಾಗಿ ಎರಡು ವರ್ಷವಾದರೂ ಮದುವೆ ಜಾತ್ರೆಗಳಿಗೆ ಹೋಗುವುದನ್ನು ಬಿಟ್ಟಿದ್ದಳು. ಜನರ ನಡುವೆ ಗಾಳಿ ತಡೆಯದೆ ಹೋದೀತೆಂಬ ಭಯ. ಗಂಡನಿಗೆ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಅಹಂಕಾರ ಬಂದಿದೆ ಎಂದು ಊರು ಆಡಿಕೊಳ್ಳುತ್ತಿತ್ತು. ಇಂಥವಳು ಒಬ್ಬಳೇ ಅಲ್ಲ. 2023ರ ಡಿಸೆಂಬರ್‌ನಲ್ಲಿ ‘ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಲೇಖನಮಾಲೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಕನಿಷ್ಠ 4 ಕೋಟಿ ಮಹಿಳೆಯರಿಗೆ ಹೆರಿಗೆಯಿಂದಾದ ದೀರ್ಘಕಾಲದ ತೊಂದರೆ ಉಳಿಯುವ ಸಂಭವವಿದೆ. ದಾಂಪತ್ಯದ ಕೂಟದಲ್ಲಿ ನೋವು ಶೇ 35ರಷ್ಟು, ಮಲ ಅಥವಾ ಗಾಳಿ ತಡೆಯಲಾಗದಿರುವುದು ಶೇ 19ರಷ್ಟು, ಪೆರಿನಿಯಮ್‌ನಲ್ಲಿ ಉಳಿದುಬಿಡುವ ನೋವು ಶೇ 11ರಷ್ಟು. ಬಹಳಷ್ಟು ತೊಂದರೆಗಳು ಗೊತ್ತಾಗುವುದೇ ಹೆರಿಗೆಯ ನಂತರದ ಸೇವೆಗಳು ಮುಗಿಯುವ ಆರು ವಾರಗಳ ಗಡಿಯ ಆಚೆ. ಮೂತ್ರ ಸೋರುವವರಿಗೆ ತಳಭಾಗದ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ತಿಳಿಸಿಕೊಟ್ಟ. ಬಲ್ಲವರಿಂದ ಸರಿಯಾಗಿ ಕಲಿತರೆ ಅದು ಫಲ ನೀಡುತ್ತದೆ. ಖರ್ಚಿಲ್ಲದ ಈ ವಿದ್ಯೆ ಮುಕ್ಕಾಲು ಶತಮಾನ ಕಳೆದರೂ ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಕೂಟದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ‘ಯಾವಾಗಿನಿಂದ ಸೇರಬಹುದು?’ ಎಂದು ಗಂಡಸರು ವೈದ್ಯರನ್ನು ಕೇಳುವುದುಂಟು. ಆರು ವಾರ ಎಂಬ ಉತ್ತರವನ್ನು ಅವರು ಗಡುವಿನಂತೆ ಹಿಡಿದುಕೊಳ್ಳುತ್ತಾರೆ. ಗಾಯ ಪೂರ್ತಿ ಮಾಯ್ದು, ಅವಳಿಗೆ ಮನಸ್ಸೂ ಬಂದಮೇಲೆ ಎಂಬುದೇ ಸರಿಯಾದ ಉತ್ತರ. ತಾರೀಖು ನೋಡಿ ಗಾಯ ಮಾಯುವುದಿಲ್ಲ. ಆ ವೇಳೆಗೆ ಗರ್ಭನಿರೋಧದ ಮಾತನ್ನೂ ಆಡಿರಬೇಕು.

ಇಷ್ಟೆಲ್ಲ ಆರೈಕೆಗೆ ಒಂದು ಕೋಣೆ, ನೀರು, ಶೌಚಾಲಯ ಇರಬೇಕಷ್ಟೆ. ಅವೇ ಇಲ್ಲದ ಕಡೆ ಏನಾಗುತ್ತದೆ? ಹಿರಿಯೂರು, ಹೊಸದುರ್ಗ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ರೂಢಿ ಬಹುಕಾಲದಿಂದ ಬಂದದ್ದು. ಜುಂಜಪ್ಪ, ಎತ್ತಪ್ಪರಂಥ ವೀರರ ನೆಲೆಯಾದ ಹಟ್ಟಿ ಮಡಿಯಾಗಿರಬೇಕೆಂಬ ಶ್ರದ್ಧೆ ಅದರ ಹಿಂದಿದೆ. ಆ ಶ್ರದ್ಧೆಯನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಕುರಿ ಕಾದು ಕಾಡು ಅಲೆದ ಆ ಜನರ ಹಾಡುಗಳಲ್ಲಿ ಬಾಣಂತಿಯ ಮೇಲೆ ಎಷ್ಟು ಅಕ್ಕರೆಯಿದೆಯೆಂದು ಬಲ್ಲೆ. ಆದರೆ ಹಸಿ ಹೊಲಿಗೆಯ ಹೆಂಗಸು ಗುಡಿಸಲಿನ ಮಣ್ಣು ನೆಲದ ಮೇಲೆ, ಬಗ್ಗಿ ಒಳಹೋಗಬೇಕಾದ ಬಾಗಿಲಲ್ಲಿ, ನೀರಿಲ್ಲದೆ, ಬಯಲಿನ ಶೌಚಕ್ಕೆ ಕತ್ತಲಾಗುವವರೆಗೆ ಕಾಯುತ್ತ ದಿನ ಕಳೆದರೆ ಗಾಯಕ್ಕೆ ನಂಜೇರದೆ ಇದ್ದೀತೇ? ಹೀಗೆ ಬಲವಂತವಾಗಿ ಪ್ರತ್ಯೇಕವಾಗಿಡುವುದನ್ನು ತಡೆಯಲು 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಇದೆ. ಅದು 2020ರಲ್ಲಿ ಜಾರಿಗೆ ಬಂದಿದೆ. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಗಾಳಿಯ ನಡುವೆ ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಂದಿಗಿದ್ದ ಹಸುಗೂಸು ತೀರಿಕೊಂಡಿತು. ಕೂಸು ಸತ್ತಿದ್ದರಿಂದ ಅದು ಸುದ್ದಿಯಾಯಿತು. ಕೂಸು ಉಳಿದು, ಅದೇ ಚಳಿ ನೆಲದ ಮೇಲೆ ತಾಯಿಯ ಗಾಯವಷ್ಟೇ ಕೊಳೆತಿದ್ದರೆ ಅದು ಸುದ್ದಿಯಾಗುತ್ತಿರಲಿಲ್ಲ. ಅದೇ ಸಮುದಾಯದ ಓದಿದ ಹೆಣ್ಣುಮಕ್ಕಳು ಇಂದು ಮನೆಯೊಳಗೇ ಬಾಣಂತನ ಮಾಡಿಸಿಕೊಳ್ಳುವ ಧೈರ್ಯ ತೋರುತ್ತಿದ್ದಾರೆ. ಕಾಯ್ದೆಗಿಂತ ಹೆಚ್ಚು ಭರವಸೆ ಹುಟ್ಟಿಸುವುದು ಆ ಧೈರ್ಯವೇ.

ಹಟ್ಟಿಯವರನ್ನು ತೋರಿಸಿ ಪಟ್ಟಣದವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಚಿತ್ರದುರ್ಗದಂಥ ಜಿಲ್ಲಾ ಕೇಂದ್ರದಲ್ಲಿ ಮೂರನೆಯ ದಿನವೇ ಹೊಲಿಗೆಯೊಂದಿಗೆ ಸ್ಕೂಟರಿನ ಹಿಂಬದಿಯಲ್ಲಿ ಒರಗಿ ಕುಳಿತು ಮನೆಗೆ ಹೋಗುವ, ಪದವಿ ಓದಿದ ಬಾಣಂತಿಯರನ್ನು ಕಂಡಿದ್ದೇನೆ. ಹೆರಿಗೆ ರಜೆಯಲ್ಲೂ ಇದೇ ತಾರತಮ್ಯವಿದೆ. 2017ರ ತಿದ್ದುಪಡಿಯು ಸಂಘಟಿತ ವಲಯದ ಉದ್ಯೋಗಿಗೆ 26 ವಾರಗಳ ವೇತನಸಹಿತ ರಜೆ ನೀಡಿತು. ಶೇಂಗಾ ಬಿಡಿಸುವ, ಈರುಳ್ಳಿ ಕೊಯ್ಯುವ ಕೂಲಿಕಾರಳಿಗೆ ಅಂಥ ರಜೆಯಿಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ದೊರೆಯುವ 5,000 ರೂಪಾಯಿ ಎಷ್ಟು ದಿನದ ಕೂಲಿಗೆ ಸಮ? ದಿನವಿಡೀ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸಕ್ಕೆ ತಿಂಗಳು ತುಂಬುವ ಮೊದಲೇ ಅವಳು ಮರಳುತ್ತಾಳೆ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಯೋಜನೆ, ಹೊಸ ಹೆಸರು, ಹೊಸ ಫಲಕ ಯಾವುದೂ ಬೇಡ. ಇರುವ ವ್ಯವಸ್ಥೆಯಲ್ಲೇ ಮೂರು ಕೆಲಸ ಸಾಧ್ಯ. ಒಂದು, ಯಾವ ದರ್ಜೆಯ ಹರಿತವಾಗಿದೆ ಅಥವಾ ಕತ್ತರಿಸಲಾಗಿದೆ, ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮನೆಗೆ ಕಳುಹಿಸುವಾಗ ತಾಯಿ ಕಾರ್ಡ್‌ನಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಬೇಕು. ತನ್ನ ದೇಹಕ್ಕೆ ಏನಾಗಿದೆಯೆಂದು ತಿಳಿಯುವುದು ಅವಳ ಹಕ್ಕು. ಎರಡು, ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಉಚಿತ ಔಷಧಿ, ಆಹಾರ, ಮನೆಗೆ ವಾಹನದ ಭರವಸೆ ಕೊಟ್ಟಿದೆ. ನೋವಿನ ಮಾತ್ರೆಯೂ ಮಲ ಮೆದುಗೊಳಿಸುವ ಔಷಧಿಯೂ ಆ ಭರವಸೆಯ ಭಾಗವೆಂದು ಭಾವಿಸಿ, ಕೇಳುವ ಮುನ್ನವೇ ಕೊಡಬೇಕು. ಮೂರು, ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಬಾರಿ ಹೋಗುತ್ತಾರೆ. ‘ನವಜಾತ ಶಿಶುವಿನ ಗೃಹಾಧಾರಿತ ಆರೈಕೆ’ ಎಂಬ ಹೆಸರೇ ಹೇಳುವಂತೆ ಆ ಭೇಟಿಯ ಕಣ್ಣು ಮುಖ್ಯವಾಗಿ ಕೂಸಿನ ಮೇಲೆ. ಕೂಸನ್ನು ತೂಗಿದ ಮೇಲೆ, ಉಳಿದವರನ್ನು ಹೊರಗೆ ಕಳುಹಿಸಿ, ತಾಯಿಯನ್ನು ಕೇಳಬೇಕಾದ್ದು ಮೂರೇ ಪ್ರಶ್ನೆ: ಹೊಲಿಗೆಯ ನೋವು ಕಡಿಮೆಯಾಗುತ್ತಿದೆಯೇ? ಮಲ, ಮೂತ್ರಕ್ಕೆ ತೊಂದರೆಯಿಲ್ಲದೆ ಹೋಗುತ್ತಿದ್ದೀಯಾ? ತಡೆಯಲಾಗದೆ ಹೋಗುವುದುಂಟೇ? ಹೀಗೆ ಕೇಳುವ ಆಶಾ ಕಾರ್ಯಕರ್ತೆಗೆ ತರಬೇತಿಯನ್ನೂ ಸಕಾಲಕ್ಕೆ ಗೌರವಧನವನ್ನೂ ಕೊಡಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಸರ್ಕಾರ ಮಾಡಲಿ, ಬಿಡಲಿ, ಮನೆಗಳಲ್ಲಿ ನಾಳೆಯಿಂದಲೇ ಆಗಬಹುದಾದದ್ದೂ ಇದೆ. ಬಾಣಂತಿಯನ್ನು ನೋಡಲು ಹೋಗುವ ನಾವು ಕೂಸಿನ ಕೈಗೆ ನೋಟು ಇಡುವ ಮುನ್ನ ಅವಳ ಪಕ್ಕ ಕೂತು ‘ನಿನಗೆ ಹೇಗಿದೆ? ಕೂರೋಕೆ ಆಗುತ್ತಾ?’ ಎಂದು ಕೇಳಬಹುದು. ತಾಯಿ, ಅತ್ತೆ, ಅಕ್ಕ, ಓರಗಿತ್ತಿಯರು ತಾವು ಅನುಭವಿಸಿ ಮುಚ್ಚಿಟ್ಟದ್ದನ್ನು ಹೇಳಿಕೊಂಡರೆ ಎಳೆಯವಳ ಬಾಯಿಯೂ ಬಿಚ್ಚುತ್ತದೆ. ಗಂಡನಾದವನು ಕೊಡ ಹೊತ್ತರೆ, ಬೋಗುಣಿಗೆ ನೀರು ಕಾಯಿಸಿದರೆ ಅವನ ಗಂಡಸುತನಕ್ಕೆ ಕುಂದು ಬರುವುದಿಲ್ಲ. ಹೆರಿಗೆಯ ನೋವನ್ನು ಹಾಡಿ ಹೊಗಳುವ ನಾಡು ನಮ್ಮದು. ಹೊಗಳಿಕೆಯಿಂದ ಗಾಯ ಮಾಯುವುದಿಲ್ಲ. ಅದಕ್ಕೆ ಬೇಕಾದದ್ದು ನೀರು, ಸೊಪ್ಪು, ಮಾತ್ರೆ, ವಿಶ್ರಾಂತಿ. ಅವುಗಳಿಗೂ ಮೊದಲು, ನಾಚದೆ ಕೇಳುವ ಒಂದು ಪ್ರಶ್ನೆ.